ಬೆನ್ನುನೋವಿನ ತೀರ್ಥಯಾತ್ರೆ

ಡೊಂಬಿವಲಿಯಿಂದ ಫೋರ್ಟಿಗೆ ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರುವ ನಮ್ಮವರಿಗೆ ‘ನಾಲ್ಕನೆಯ ಸೀಟು’ ಎಂದರೇನೆಂದು ವಿವರಿಸಬೇಕಾಗಿಲ್ಲ. ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವನಾಗಿ ಅರ್ಧ ದೇಹವನ್ನು ಊರಿ, ಉಳಿದರ್ಧವನ್ನು ನಡುದಾರಿಗೆ ಬಿಟ್ಟು ಕೂರುವ ಈ ಆಸನವನ್ನು ಪತಂಜಲಿ ಮಹರ್ಷಿಗಳು ಹೇಳಿದಂತಿಲ್ಲ. ನಾನಾದರೋ ಅದನ್ನು ಹನ್ನೊಂದು ವರ್ಷ ಸಾಧಿಸಿದೆ. ಆಮೇಲೆ ಕಚೇರಿಯಲ್ಲಿ ಸಂಜೆಯವರೆಗೆ ಕುರ್ಚಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಕಪಾಟಿನ ಕೆಳಗಿನ ಖಾನೆಯಿಂದ ಫೈಲು ತೆಗೆಯಲು ಬಗ್ಗಿದವನು ಮೇಲೇಳಲಾರದೆ ಹಾಗೆಯೇ ನಿಂತುಬಿಟ್ಟೆ. ಸಾಹೇಬರು ಆಗಲೇ ಒಳಗೆ ಬಂದಿದ್ದರಿಂದ, ನಾನು ಅವರಿಗೆ ನಮಸ್ಕರಿಸುತ್ತಿದ್ದೇನೆಂದು ಪಕ್ಕದ ಮೇಜಿನವರು ತಿಳಿದರಂತೆ.

ಡಾಕ್ಟರು ಎಕ್ಸ್-ರೇ ತೆಗೆಸಿ ನೋಡಿದರು. “ಮೂಳೆಗೇನೂ ಆಗಿಲ್ಲ, ಸ್ನಾಯುಗಳು ಸೋತಿವೆ. ಬಲ್ಲವರ ಹತ್ತಿರ ಯೋಗ ಕಲಿಯಿರಿ” ಎಂದರು. ನನಗೂ ಅವಸರವಿತ್ತು. ರಜೆಯ ಲೆಕ್ಕ ಬರಿದಾಗುತ್ತ ಬಂದಿತ್ತು. ಇನ್ನೊಂದು ಸಲ ಹೀಗೆ ಮಲಗಿದರೆ ಸಂಬಳವಿಲ್ಲದ ರಜೆಯೇ ಗತಿ. ಮನೆಯ ಸಾಲದ ಕಂತು ಬೆನ್ನುನೋವೆಂದರೆ ಕಾಯುತ್ತದೆಯೇ?

ಆದರೆ ಬಲ್ಲವರು ಯಾರು? 2015ರ ಜೂನ್ 21ರಂದು ಮೊದಲನೆಯ ಅಂತಾರಾಷ್ಟ್ರೀಯ ಯೋಗದಿನ ನಡೆದ ಮೇಲಂತೂ ಯೋಗದ ಬೋರ್ಡಿಲ್ಲದ ಬೀದಿಯೇ ಈ ಊರಿನಲ್ಲಿ ಇಲ್ಲವೆನ್ನಬಹುದು. ಹತ್ತಿರದ್ದೇ ಆಗಲೆಂದು ಉಪನಗರದ ಒಂದು ಕಡೆ ಸೇರಿದೆ. ಹೆಸರು ಬೇಡ. ಗಾಜಿನ ಬಾಗಿಲು, ಗೋಡೆತುಂಬ ಕನ್ನಡಿ, ಸಣ್ಣಗೆ ಸಂಗೀತ. ಮೂರು ತಿಂಗಳ ಶುಲ್ಕವನ್ನು ಮೊದಲೇ ಇಸಿದುಕೊಂಡರು. ಬೆನ್ನಿನ ವಿಷಯ ಮಾತ್ರ ಯಾರೂ ಕೇಳಲಿಲ್ಲ. ತರುಣನೊಬ್ಬ ಬಂದು ಎಡ-ಬಲ ಎಂದು ಕೂಗುತ್ತ ಬಿಡುವಿಲ್ಲದೆ ಸೂರ್ಯನಮಸ್ಕಾರ ಮಾಡಿಸಿದ. ಕನ್ನಡಿಯಲ್ಲಿ ನನ್ನ ಅವಸ್ಥೆ ನನಗೇ ಕಾಣುತ್ತಿತ್ತು. ರಿಕ್ಷಾದಲ್ಲಿ ಮನೆಗೆ ಬಂದು ಎರಡು ದಿನ ಮಲಗಿದೆ. ಶುಲ್ಕ ಹಿಂದಿರುಗಲಿಲ್ಲ.

ಕಚೇರಿಯ ಹಿರಿಯರೊಬ್ಬರು ಆಗ ಹೇಳಿದರು: “ಹೊಸದನ್ನು ಬಿಟ್ಟುಬಿಡಿ, ಹಳೆಯದನ್ನು ಹುಡುಕಿ.” ಶನಿವಾರಗಳಂದು ನನ್ನ ಯಾತ್ರೆ ಶುರುವಾಯಿತು.

ಮೊದಲು ಸಾಂತಾಕ್ರೂಜ್ ಪೂರ್ವದ ಯೋಗ ಇನ್‌ಸ್ಟಿಟ್ಯೂಟ್. ಸ್ಟೇಷನ್ನಿನ ಗದ್ದಲದಿಂದ ಹತ್ತಾರು ನಿಮಿಷ ನಡೆದರೆ ಮರಗಳ ನೆರಳು. ಶ್ರೀ ಯೋಗೇಂದ್ರರು ಇದನ್ನು 1918ರ ಡಿಸೆಂಬರ್ 25ರಂದು ವರ್ಸೋವಾದ ಕಡಲತಡಿಯಲ್ಲಿ ಆರಂಭಿಸಿದರು. ಸಾಂತಾಕ್ರೂಜಿಗೆ ಬಂದದ್ದು ಆಮೇಲೆ. ಹರೆಯದಲ್ಲಿ ಕುಸ್ತಿಯ ಹವ್ಯಾಸವಿದ್ದ ಈ ಮನುಷ್ಯರು ನರ್ಮದಾತೀರದ ಮಾಲ್ಸರದಲ್ಲಿ ಪರಮಹಂಸ ಮಾಧವದಾಸರ ಶಿಷ್ಯರಾದರೂ ಸಂನ್ಯಾಸಿಯಾಗಲಿಲ್ಲ. ಮದುವೆಯಾಗಿ, ಗೃಹಸ್ಥರಿಗಾಗಿಯೇ ಯೋಗವನ್ನು ಸರಳಗೊಳಿಸಿದರು. ಅವರ ಪತ್ನಿ ಸೀತಾದೇವಿಯವರು 1930ರ ದಶಕದಲ್ಲಿಯೇ ಹೆಂಗಸರಿಗಾಗಿ ಯೋಗದ ಪುಸ್ತಕ ಬರೆದರೆಂದು ಅಲ್ಲಿ ತಿಳಿಯಿತು. ಅದನ್ನು ಕೇಳಿಯೂ ನನಗೆ ಏನೂ ಹೊಳೆಯಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ನನಗೆ ಕಲಿಸಿದ್ದು ತಾಡಾಸನದ ಬಗೆಯದು: ಉಸಿರೆಳೆಯುತ್ತ ಕೈಯೆತ್ತಿ ಹಿಮ್ಮಡಿ ಎತ್ತುವುದು, ಉಸಿರು ಬಿಡುತ್ತ ಇಳಿಸುವುದು. ಇಷ್ಟೇಯೇ ಎನಿಸಿತು. ಹೇಗೆ ಉಣ್ಣುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ಯಾರ ಮೇಲೆ ಸಿಟ್ಟಾಗುತ್ತೀರಿ ಎಂಬ ಮಾತೇ ಅಲ್ಲಿ ಹೆಚ್ಚು. ಸಿಟ್ಟಿಗೂ ಸೊಂಟಕ್ಕೂ ಸಂಬಂಧವಿದೆಯೆಂದು ಬಿ.ಎ. ತರಗತಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಮುಂದಿನ ಶನಿವಾರ ಚರ್ನಿ ರೋಡಿನಲ್ಲಿ ಇಳಿದು ಮರೀನ್ ಡ್ರೈವಿನ ಕೈವಲ್ಯಧಾಮಕ್ಕೆ ಹೋದೆ. ಎದುರಿಗೇ ಸಮುದ್ರ. ಲೋಣಾವಳದಲ್ಲಿ 1924ರಲ್ಲಿ ಮೂಲಸಂಸ್ಥೆಯನ್ನು ಕಟ್ಟಿದ ಸ್ವಾಮಿ ಕುವಲಯಾನಂದರೂ ಮಾಧವದಾಸರ ಶಿಷ್ಯರೇ. ಒಬ್ಬನೇ ಗುರು, ದಾರಿ ಮಾತ್ರ ಬೇರೆ ಬೇರೆ. ಇವರು ಯೋಗವನ್ನು ಪ್ರಯೋಗಶಾಲೆಗೆ ಒಯ್ದವರು. ಆಸನ, ಕ್ರಿಯೆಗಳಿಂದ ದೇಹದೊಳಗೆ ಏನಾಗುತ್ತದೆಂದು ಎಕ್ಸ್-ರೇ ಹಿಡಿದು ಪರೀಕ್ಷಿಸಿದರು. ‘ಯೋಗ ಮೀಮಾಂಸಾ’ ಎಂಬ ತ್ರೈಮಾಸಿಕವನ್ನೂ ಹೊರಡಿಸಿದರು. ಹಳೆಯ ಕಾಯಿಲೆಗಳನ್ನೆಲ್ಲ ಬರೆದುಕೊಟ್ಟ ಮೇಲೆ ಅಲ್ಲಿಯ ಮಾತು ಮುಂದುವರಿಯಿತು. ಗುಮಾಸ್ತನಾದ ನನಗೆ ಈ ಕ್ರಮ ಬಹಳ ಹಿಡಿಸಿತೆಂದು ಬೇರೆ ಹೇಳಬೇಕೆ? ಆದರೆ ಡೊಂಬಿವಲಿಯಿಂದ ಬೆಳಗಿನ ತರಗತಿಗೆ ದಿನವೂ ಮುಟ್ಟುವುದು ನನ್ನಿಂದಾಗದ ಕೆಲಸ.

(ನಡುವೆ ಒಂದು ಭಾನುವಾರ ಉದ್ಯಾನದ ನಗೆಕೂಟವನ್ನೂ ನೋಡಿದೆ. ಡಾಕ್ಟರ್ ಮದನ್ ಕಟಾರಿಯಾ ಎಂಬವರು 1995ರಲ್ಲಿ ಅಂಧೇರಿಯ ಲೋಖಂಡವಾಲಾದ ಉದ್ಯಾನದಲ್ಲಿ ಐವರನ್ನು ಸೇರಿಸಿ ನಗಲಾರಂಭಿಸಿದ್ದು ಈಗ ದೇಶವಿದೇಶಗಳಿಗೆ ಹಬ್ಬಿದೆ. ನಕ್ಕರೆ ನನ್ನ ಬೆನ್ನು ನೋಯುತ್ತಿತ್ತು, ಹಿಂದಿರುಗಿದೆ.)

ಕೊನೆಗೆ ಲೋವರ್ ಪರೇಲಿನ ಸೇನಾಪತಿ ಬಾಪಟ್ ಮಾರ್ಗದಲ್ಲಿರುವ ಅಯ್ಯಂಗಾರ್ ಯೋಗಾಶ್ರಯ. ಹಿಂದೆ ಗಿರಣಿಗಳಿದ್ದ ಸೀಮೆ. ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ಯರ ಹೆಸರು ಯಾರಿಗೆ ಗೊತ್ತಿಲ್ಲ? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಅವರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು. ವರ್ಸೋವಾದ ಸಂಸ್ಥೆ ಹುಟ್ಟುವುದಕ್ಕೆ ಹನ್ನೊಂದೇ ದಿನ ಮೊದಲು! ಇನ್‌ಫ್ಲುಯೆಂಜಾ ಮಾರಿಯ ಕಾಲ. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಉಂಡ ಬಡಕಲು ಹುಡುಗ 1934ರಲ್ಲಿ ಮೈಸೂರಿಗೆ ಹೋಗಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಕೈಕೆಳಗೆ ಕಲಿತ; 1937ರಲ್ಲಿ ಪುಣೆಗೆ ಬಂದ. ಪಿಟೀಲಿನ ವಿಶ್ವವಿಖ್ಯಾತ ಯೆಹೂದಿ ಮೆನುಹಿನ್ 1952ರಲ್ಲಿ ಅವರನ್ನು ಕಂಡದ್ದು ನಮ್ಮ ಈ ಮುಂಬಯಿಯಲ್ಲಿಯೇ. ಕೆಲವೇ ನಿಮಿಷಗಳೆಂದು ಗೊತ್ತಾಗಿದ್ದ ಭೇಟಿ ಗಂಟೆಗಟ್ಟಲೆ ಬೆಳೆಯಿತು. ಅಲ್ಲಿಂದ ಅವರ ಹೆಸರು ಯೂರೋಪಿಗೆ ದಾಟಿತು. 2014ರಲ್ಲಿ ತೀರಿಕೊಳ್ಳುವ ತನಕ ಪುಣೆಯೇ ಅವರ ಮನೆ. ನಮ್ಮಂತೆಯೇ ಹೊಟ್ಟೆಪಾಡಿಗೆ ಗಡಿ ದಾಟಿ ಬಂದವರು ಎಂದುಕೊಂಡಾಗ ಬಾಗಿಲಲ್ಲಿದ್ದ ಅಂಜಿಕೆ ಸ್ವಲ್ಪ ಕಡಮೆಯಾಯಿತು.

ಒಳಗೆ ಗೋಡೆಗೆ ಕಟ್ಟಿದ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಸಾಲಾಗಿ ಕುರ್ಚಿ. ಬಡಗಿಯ ಅಂಗಡಿಯೇ ಎಂದುಕೊಂಡೆ. ದೇಹ ಆಸನದ ತನಕ ಹೋಗಲಾರದಿದ್ದರೆ ಆಸನವೇ ದೇಹದ ಹತ್ತಿರ ಬರಲಿ, ಅದಕ್ಕೇ ಈ ಸಾಮಾನೆಲ್ಲ. ನನ್ನ ವಿಷಯ ಕೇಳಿದ ಶಿಕ್ಷಕಿ ನೆಲಕ್ಕೆ ಬಗ್ಗಿಸಲಿಲ್ಲ. ಕುರ್ಚಿಯ ಮೇಲೆ ಅಡ್ಡಲಾಗಿ ಕೂರಿಸಿ, ಬಲಮಗ್ಗುಲನ್ನು ಒರಗಿಗೆ ತಾಗಿಸಿ, ಎರಡು ಕೈಯಿಂದಲೂ ಒರಗನ್ನು ಹಿಡಿದು ಮೆಲ್ಲಗೆ ತಿರುಗಲು ಹೇಳಿದರು. ಭರದ್ವಾಜಾಸನವಂತೆ. ನನ್ನನ್ನು ಕೆಡಿಸಿದ ಕುರ್ಚಿಯೇ ಮದ್ದಾಯಿತು! ನಾಲ್ಕು ವಾರದಲ್ಲಿ ಬೂಟಿನ ದಾರವನ್ನು ನಾನೇ ಕಟ್ಟಿಕೊಳ್ಳುವಂತಾದೆ.

ಹಿಗ್ಗಿನಿಂದ ಒಂದು ರಾತ್ರಿ ಮನೆಯವಳಿಗೆ ಅದನ್ನು ಮಾಡಿತೋರಿಸಿದೆ. “ಹೀಗೇನ್ರೀ?” ಎಂದು ಅವಳೂ ಕುರ್ಚಿಯ ಮೇಲೆ ಕೂತು ತಿರುಗಲು ಹೋದಳು. ಅರ್ಧಕ್ಕೇ ನಿಂತಳು. ಮುಖ ಬಿಳಿಚಿತು.

“ಎಷ್ಟು ದಿನದಿಂದ?” ಎಂದೆ.

“ಚಿಕ್ಕವನು ಹುಟ್ಟಿದಾಗಿನಿಂದ.”

ಚಿಕ್ಕವನಿಗೆ ಈಗ ಒಂಬತ್ತು ವರ್ಷ.

“ನನಗೇಕೆ ಹೇಳಲಿಲ್ಲ?”

“ನೀವು ಕೇಳಿದಿರೇನು? ಹೇಳಿ ತಾನೆ ಏನು? ನೀರು ಹಿಡಿಯೋದಕ್ಕೆ ರಜೆ ಯಾರ ಹತ್ತಿರ ಕೇಳಲಿ?”

ನಮ್ಮ ಕಟ್ಟಡದಲ್ಲಿ ನೀರು ಬೆಳಗಿನ ಐದಕ್ಕೆ ಬಂದು ಐದೂಮುಕ್ಕಾಲಿಗೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಬೇಕು. ನಾನು ಏಳುವುದು ಆರಕ್ಕೆ. ಗಾಜಿನ ಬಾಗಿಲಿನವರು ನನ್ನ ಬೆನ್ನನ್ನು ಕೇಳಲಿಲ್ಲವೆಂದು ಊರೆಲ್ಲ ದೂರುತ್ತ ತಿರುಗಿದವನು ನಾನು.

ಇಬ್ಬರ ಶುಲ್ಕವನ್ನು ಒಟ್ಟಿಗೆ ಕಟ್ಟುವ ಶಕ್ತಿ ನಮಗೆ ಇಲ್ಲ. ನಾನು ಕಲಿತದ್ದನ್ನು ಮನೆಯಲ್ಲಿ ಕುರ್ಚಿಯಿಟ್ಟುಕೊಂಡು ಮಾಡುತ್ತೇನೆ. ಅವಳು ಮೊದಲು ಡಾಕ್ಟರಿಗೆ ತೋರಿಸಿ, ಈಗ ಎರಡು ತಿಂಗಳಿಂದ ಪ್ರತಿ ಶನಿವಾರ ಲೋಕಲ್ ಹಿಡಿದು, ಕರೀ ರೋಡಿನಲ್ಲಿ ಇಳಿದು ಲೋವರ್ ಪರೇಲಿಗೆ ನಡೆದು ಹೋಗುತ್ತಾಳೆ. ಮೊದಲ ವಾರ ನಾನು ಮಾಡಿದ ಸಾರಿಗೆ ಚಿಕ್ಕವನು ಬೇರೆ ಹೆಸರಿಟ್ಟ. ಐದು ಗಂಟೆಯ ನೀರು ಈಗ ನನ್ನ ಪಾಲಿನದು. ಕೊಡವನ್ನು ಮೊಣಕಾಲು ಬಗ್ಗಿಸಿ ಎತ್ತಬೇಕೆಂದು ಅವಳು ಮಲಗಿದಲ್ಲಿಂದಲೇ ಕೂಗಿ ಹೇಳುತ್ತಾಳೆ.