ಟೆಂಟ್ ಮಾವ ದೂಧ್‌ಸಾಗರ ಕಂಡದ್ದು!

ರೈಲು, ಕಾಡು, ಜಲಪಾತ... ಈ ಮೂರೂ ಒಂದೇ ಫ್ರೇಮಿನಲ್ಲಿ ಬಂದರೆ ಪ್ರೇಕ್ಷಕ ಶಿಳ್ಳೆ ಹೊಡೆಯದೆ ಇರುತ್ತಾನೆಯೇ? 2013ರಲ್ಲಿ ಬಂದ ಹಿಂದಿಯ 'ಚೆನ್ನೈ ಎಕ್ಸ್‌ಪ್ರೆಸ್' ಚಿತ್ರದಲ್ಲಿ ನಿರ್ದೇಶಕ ರೋಹಿತ್ ಶೆಟ್ಟಿ ಮಾಡಿದ್ದು ಅದನ್ನೇ. ಶಾರೂಖ್ ಖಾನ್, ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ, ನಿಂತ ರೈಲು, ಹಿಂದೆ ಹಾಲು ಸುರಿದಂತೆ ಧುಮುಕುವ ನೀರು! ಮುಂಬೈಯಿಂದ ಚೆನ್ನೈಗೆ ಹೋಗುವ ನಿಜವಾದ ರೈಲು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಸಿನಿಮಾ ಅಂದಮೇಲೆ ಅದೆಲ್ಲ ಕೇಳಬಾರದು ಬಿಡಿ. ಆ ಹಾದಿಯಲ್ಲಿ ನಿಜವಾಗಿ ಓಡುವುದು ನಮ್ಮ ಹುಬ್ಬಳ್ಳಿ ಮೇಲೆ ಹಾಯ್ದು ಗೋವಾಕ್ಕೆ ಇಳಿಯುವ ಗಾಡಿ.

ಓದುಗರೇ, ನಾನು ಹೇಳಹೊರಟದ್ದು ಶಾರೂಖ್ ಕಥೆಯಲ್ಲ. ಹಾನಗಲ್ಲಿನ ನನ್ನ ಸೋದರಮಾವನ ಕಥೆ.

ಮಾವ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ಈ ನಾಲ್ಕು ತಾಲ್ಲೂಕಿನಲ್ಲಿ ಅವರ ಟೆಂಟ್ ಬೀಳದ ದೊಡ್ಡ ಊರು ಕಡಿಮೆ. ಸಿನಿಮಾಕ್ಕೆ ನಾಯಕರನ್ನು ಕೊಟ್ಟ ನೆಲ ಇದು ಎಂದು ಅವರಿಗೆ ಬಹಳ ಹೆಮ್ಮೆ. 1960ರ 'ಭಕ್ತ ಕನಕದಾಸ'ದಲ್ಲಿ ರಾಜಕುಮಾರ್ ಮಾಡಿದ ಕನಕ ಹುಟ್ಟಿದ್ದು ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ. 1965ರಲ್ಲಿ 'ಸರ್ವಜ್ಞಮೂರ್ತಿ' ಬಂತಲ್ಲ, ಆ ಸರ್ವಜ್ಞ ಹಿರೇಕೆರೂರು ಸೀಮೆಯ ಅಬಲೂರಿನವನೆಂದೇ ನಮ್ಮ ಜನರ ಮಾತು. 1990ರಲ್ಲಿ ನಾಗಾಭರಣ ತೆಗೆದ 'ಸಂತ ಶಿಶುನಾಳ ಶರೀಫ'ದ ಶಿಶುನಾಳವೂ ಶಿಗ್ಗಾಂವಿ ತಾಲ್ಲೂಕೇ.

ಇಷ್ಟೆಲ್ಲ ಇದ್ದೂ ಈ ನಾಲ್ಕು ಊರಿನಲ್ಲಿ ಒಂದರ ಬಾಗಿಲಿಗೂ ರೈಲು ಬಂದಿಲ್ಲ! ಸವಣೂರಿನವರು ಯಲವಿಗಿಗೆ ಹೋಗಬೇಕು. ಹಾನಗಲ್ಲಿನವರಿಗೆ ಹಾವೇರಿ, ಹಿರೇಕೆರೂರಿನವರಿಗೆ ಬ್ಯಾಡಗಿ ಇಲ್ಲವೇ ರಾಣೆಬೆನ್ನೂರು, ಶಿಗ್ಗಾಂವಿಯವರಿಗೆ ಹುಬ್ಬಳ್ಳಿ. ಮಾವನ ಆಯುಷ್ಯವೆಲ್ಲ ಎಸ್.ಟಿ. ಬಸ್ಸು, ಟ್ರಾಕ್ಟರ್, ಚಕ್ಕಡಿಯಲ್ಲೇ ಕಳೆಯಿತು. ಕಾಡು, ಘಟ್ಟ, ಜಲಪಾತ ಏನಿದ್ದರೂ ಅವರು ನೋಡಿದ್ದು ಪರದೆಯ ಮೇಲೆ.

ಗೋಡೆಯ ತೂತಿನಿಂದ ಜಗತ್ತು

1973ರ 'ಗಂಧದ ಗುಡಿ'ಯನ್ನು ಮಾವ ಅದೆಷ್ಟು ಸಲ ಓಡಿಸಿದ್ದರೋ ಲೆಕ್ಕವಿಲ್ಲ. ಎಂ. ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ ಚಿತ್ರ. ಫಾರೆಸ್ಟ್ ಆಫೀಸರ್ ವೇಷದಲ್ಲಿ ರಾಜಕುಮಾರ್ ಬಂದರೆ ನೆಲದ ಮೇಲೆ ಕೂತ ಜನ ಎದ್ದು ನಿಲ್ಲುತ್ತಿದ್ದರಂತೆ. ಆನೆ ಬಂದರೆ ಮುಂದಿನ ಸಾಲಿನ ಹುಡುಗರು ಹಿಂದಕ್ಕೆ ಸರಿಯುತ್ತಿದ್ದರಂತೆ! ಮಾವ ಮಾತ್ರ ಮಷೀನಿನ ಕೋಣೆಯಲ್ಲಿ ಕಾರ್ಬನ್ ಕಡ್ಡಿಯ ಬಿಸಿಗೆ ಬೆವರುತ್ತ, ಅಂಗೈ ಅಗಲದ ತೂತಿನಿಂದ ಇಣುಕಿ ನೋಡಬೇಕು. ಅವರ ಕಾಡೆಲ್ಲ ಆ ತೂತಿನಷ್ಟೇ.

ಎಪ್ಪತ್ತು ದಾಟಿದ ಮೇಲೆ ಅವರ ಕಣ್ಣಿಗೆ ಗ್ಲುಕೋಮಾ ಬಂತು. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ರೋಗ. ನೋವಿಲ್ಲ, ಸದ್ದಿಲ್ಲ. ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕಡೆಗೆ. ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದರು: "ಹೋದದ್ದು ಬರೂದಿಲ್ಲ ಯಜಮಾನ್ರ. ಇದ್ದದ್ದು ಉಳಿಸಿಕೊಳ್ಳೋಣು. ಹನಿ ಬಿಡೂದು ಒಂದಿನಾನೂ ತಪ್ಪಿಸಬ್ಯಾಡ್ರಿ." ಅಷ್ಟರಲ್ಲಿ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಉಳಿದಿತ್ತು.

ಬಸ್ಸಿನಲ್ಲಿ ಬರುವಾಗ ಮಾವ ನಕ್ಕರು. "ಅಳಿಯಾ, ಮತ್ತ ಅದ ಮಷೀನ್ ಕ್ವಾಣಿ ತೂತು ನೋಡು. ಅಲ್ಲೇ ಬಂದು ನಿಂತೆ."

ನಾನು ನಗಲಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು, ಪತ್ರಿಕೆಗಳಿಗೆ ಬರೆದು ಬಂದಷ್ಟರಲ್ಲಿ ಬದುಕುವವನು ನಾನು. ಮಾವನಿಗೆ ಕೊಡಲು ನನ್ನ ಹತ್ತಿರ ಏನಿದೆ? ಕೇಳಿಯೇಬಿಟ್ಟೆ, "ಮಾವ, ಏನರ ನೋಡಬೇಕಂತ ಐತೇನು?"

"ಆ ಶಾರೂಖಂದು ಟಿವಿಯೊಳಗ ಬಂದಿತ್ತಲ್ಲ, ರೈಲಿನ ಮ್ಯಾಲೆ ಬೀಳೂ ನೀರು... ಅದು ಖರೇ ಐತೇನು, ಸೆಟ್ಟಿಂಗೋ?"

ಸೌಂಡ್ ಐತಿ, ಪಿಕ್ಚರ್ ಇಲ್ಲ!

ಇಲ್ಲಿ ನನ್ನ ದಡ್ಡತನ ಒಪ್ಪಿಕೊಳ್ಳಬೇಕು. 2023ರ ಜುಲೈ. ಹಾವೇರಿಯಲ್ಲೇ ನಿಲ್ಲುವ ಯಶವಂತಪುರ–ವಾಸ್ಕೋ ಗಾಡಿಗೆ ಎರಡು ಟಿಕೆಟ್ ತೆಗೆದೆ. ಹಾವೇರಿಯಲ್ಲಿ ಹತ್ತಿದರೆ ನೇರ ದೂಧ್‌ಸಾಗರ, ಎಂಥ ಅನುಕೂಲ ಎಂದು ಬೀಗಿದೆ. ಅದು ಘಟ್ಟ ಇಳಿಯುವುದು ಎಷ್ಟು ಹೊತ್ತಿಗೆ ಎಂದು ಮಾತ್ರ ನೋಡಲಿಲ್ಲ.

ಅದು ರಾತ್ರಿ ಗಾಡಿ! ಬೆಳಕು ಹರಿಯುವ ಮೊದಲೇ ಕಾಡು ಮುಗಿದುಹೋಗುತ್ತದೆ. ಕಿಟಕಿಯಾಚೆ ಕಾಡಿಗೆ ಬಳಿದಂಥ ಕತ್ತಲೆ. ಒಂದೆಡೆ ಗಾಡಿ ನಿಧಾನವಾಯಿತು. ಭೋರ್ ಎಂಬ ಸದ್ದು, ಮುಖಕ್ಕೆ ತಣ್ಣನೆ ಹನಿ. ಅಷ್ಟೇ. ಮಾವ ಕಿಟಕಿಯ ಸರಳು ಹಿಡಿದು ಕೂತಿದ್ದವರು ನನ್ನ ಕಡೆ ತಿರುಗಿ, "ಸೌಂಡ್ ಐತಿ ಅಳಿಯಾ, ಪಿಕ್ಚರ್ ಇಲ್ಲ" ಎಂದರು. ಸಿಟ್ಟಿಲ್ಲದೆ ಹೇಳಿದರಲ್ಲ, ಅದೇ ನನಗೆ ಚುಚ್ಚಿತು. ಕಣ್ಣು ದಿನಕ್ಕಿಷ್ಟು ಮುಚ್ಚಿಕೊಳ್ಳುವ ಮನುಷ್ಯನನ್ನು ಕತ್ತಲೆಯಲ್ಲಿ ಕರೆದುಕೊಂಡು ಹೋಗಿ ತೋರಿಸಿದವನು ನಾನು!

ಹಗಲು ಗಾಡಿ

ಸೆಪ್ಟೆಂಬರಿನಲ್ಲಿ ಮತ್ತೆ ಹೊರಟೆವು. ಈ ಸಲ ನಾಲ್ಕು ಜನರನ್ನು ಕೇಳಿದೆ, ವೇಳಾಪಟ್ಟಿ ನೋಡಿದೆ. ಹೌರಾ ಕಡೆಯಿಂದ ಗದಗ, ಹುಬ್ಬಳ್ಳಿ ಹಾಯ್ದು ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹಗಲಲ್ಲಿ ಘಟ್ಟ ಇಳಿಯುತ್ತದೆ. ಆದರೆ ದಿನಾ ಇಲ್ಲ, ವಾರಕ್ಕೆ ಕೆಲವೇ ದಿನ. ಹಿಂದಿನ ದಿನವೇ ಬಂಕಾಪುರ, ಶಿಗ್ಗಾಂವಿ ಮೇಲೆ ಬಸ್ಸು ಹಿಡಿದು ಹುಬ್ಬಳ್ಳಿಯಲ್ಲಿ ಬಳಗದವರ ಮನೆಯಲ್ಲಿ ಉಳಿದೆವು. ಅತ್ತಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಪೊಟ್ಟಣ ಸವಣೂರು ಖಾರ, ಜೊತೆಗೆ ಕಣ್ಣಿನ ಹನಿಯ ಬಾಟಲಿ. ಇಷ್ಟೇ ಸಾಮಾನು.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಇದೆಯಲ್ಲ, 1,507 ಮೀಟರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದೆಂದು ದಾಖಲೆಯಾಯಿತು. ಅದನ್ನು ಕೇಳಿ ಮಾವ, "ಇದರ ಮ್ಯಾಲೆ ನಮ್ಮ ಟೆಂಟು ಹತ್ತು ಹಾಕಬಹುದಾಗಿತ್ತು" ಎಂದರು.

ಧಾರವಾಡ ದಾಟಿದ ಮೇಲೆ ಹೊಲ ಹೋಗಿ ಕಾಡು ಬರುತ್ತದೆ. ಲೋಂಡಾ ಬಿಟ್ಟ ಮೇಲೆ ಎರಡೂ ಕಡೆ ಹಸಿರು ಗೋಡೆ. ಆಮೇಲೆ ಕ್ಯಾಸಲ್ ರಾಕ್. ಜೋಯಿಡಾ ತಾಲ್ಲೂಕಿನ ಪುಟ್ಟ ಊರು, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆಗುವವರೆಗೆ ಇದು ಗಡಿಯ ಸುಂಕದ ಸ್ಟೇಷನ್. ಇಲ್ಲಿಂದಾಚೆ ಪೋರ್ಚುಗೀಸರ ರಾಜ್ಯ. ಮುರಗಾಂವ್ ಬಂದರಿನಿಂದ ಇಲ್ಲಿಯವರೆಗೆ ಘಟ್ಟ ಕಡಿದು ಹಳಿ ಹಾಸಿದ್ದು 1880ರ ದಶಕದಲ್ಲಿ. ನೂರು ವರ್ಷ ಮೀಟರ್‌ಗೇಜ್ ಓಡಿ, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು.

ಇಳಿಜಾರು ಎಂಥದ್ದು ಗೊತ್ತೇ? ಕ್ಯಾಸಲ್ ರಾಕಿನಿಂದ ಕುಳೆಂವರೆಗೆ ಸುಮಾರು 26 ಕಿಲೋಮೀಟರು, ಪ್ರತಿ 37 ಮೀಟರ್ ಓಟಕ್ಕೆ ಒಂದು ಮೀಟರ್ ಇಳಿತ. ರೈಲಿಗೆ ಇದು ಬಹಳ ಕಡಿದು. ಅದಕ್ಕೇ ಮೇಲೆ ನಿಂತು ಬ್ರೇಕು ಪರೀಕ್ಷೆ ಮಾಡಿಕೊಂಡೇ ಇಳಿಯಬೇಕು. ಆ ಕಡೆಯಿಂದ ಹತ್ತಿ ಬರುವ ಗಾಡಿಗೆ ಹೆಚ್ಚಿನ ಎಂಜಿನ್ ಬಲ ಬೇಕು. ಗಾಡಿ ಆಮೆಯಂತೆ ತೆವಳುವುದು ಇದಕ್ಕೇ. ನೋಡುವವರಿಗೆ ಅದೇ ಲಾಭ!

ಬೆಳ್ಳಗಾದ ಪರದೆ

ಸುರಂಗಗಳು ಶುರುವಾದವು. ಕತ್ತಲೆ, ಬೆಳಕು, ಮತ್ತೆ ಕತ್ತಲೆ. ಪ್ರತಿ ಸುರಂಗಕ್ಕೂ ಮಾವ, "ರೀಲ್ ಬದಲೀ ಮಾಡಾಕ ಹತ್ಯಾರ" ಎನ್ನುತ್ತಿದ್ದರು. ಎದುರಿಗೆ ಕೂತಿದ್ದ ಮಡಗಾಂವಿನ ಹೆಂಗಸೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ಅಜ್ಜಾ, ನೀರು ಈ ಕಡೆ ಕಾಣ್ತದೆ, ಇಲ್ಲಿ ಕೂತ್ಕೊಳ್ಳಿ" ಎಂದು ತಮ್ಮ ಕಿಟಕಿ ಬಿಟ್ಟುಕೊಟ್ಟರು. ಆ ತಾಯಿಗೆ ಒಳ್ಳೆಯದಾಗಲಿ.

ಬಾಗಿಲ ಬಳಿ ಏಳೆಂಟು ಹುಡುಗರು ಬ್ಯಾಗು ಏರಿಸಿಕೊಂಡು ನಿಂತಿದ್ದರು. ಗಾಡಿ ನಿಧಾನವಾದಾಗ ಹಾರಿ ಹಳಿಯ ಮೇಲೆ ನಡೆದು ಹೋಗುವ ಯೋಜನೆ. ಅದೇ ಜುಲೈನಲ್ಲಿ ಹೀಗೆ ಹೋದವರನ್ನು ಪೊಲೀಸರು ಹಿಡಿದು ಹಳಿಯ ಪಕ್ಕ ಬಸ್ಕಿ ಹೊಡೆಸಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು! ಬೋಗಿಯೊಳಗಿನಿಂದಲೇ ನೋಡಿ, ಹಳಿಯ ಮೇಲೆ ನಡೆಯುವುದು ಅಪರಾಧ ಎಂದು ನೈಋತ್ಯ ರೈಲ್ವೆ ಆಗ ಕೈಮುಗಿದು ಕೇಳಿಕೊಂಡಿತ್ತು. ಮಾವ ಆ ಹುಡುಗರಿಗೆ ಹೇಳಿದ್ದು ಒಂದೇ ಮಾತು: "ತಮ್ಮಗಳಿರಾ, ಪರದೆ ಹತ್ರ ಹೋದಷ್ಟೂ ಚಿತ್ರ ಕೆಡತೈತಿ. ಕುಂತಲ್ಲಿಂದನ ನೋಡ್ರಿ." ಅವರು ನಕ್ಕರು. ಆದರೂ ಇಳಿಯಲಿಲ್ಲ.

ಬಂತು!

ಒಂದು ತಿರುವು, ಸೇತುವೆ, ಆಮೇಲೆ ಕಿಟಕಿಯ ತುಂಬ ಬಿಳುಪು. ಸುಮಾರು 310 ಮೀಟರ್ ಎತ್ತರದಿಂದ ಹಂತ ಹಂತವಾಗಿ ಉರುಳುವ ನೀರು. ಅದರ ಮೈಮೇಲೇ ಹಾಯುವಂತೆ ನಮ್ಮ ಗಾಡಿ. ತುಂತುರು ಬೋಗಿಯೊಳಗೆ ಬಂದು ಎಲ್ಲರ ಮುಖ ಒದ್ದೆ. ಶಿಳ್ಳೆ, ಕೇಕೆ! ಮುದುಕರು, ಮಕ್ಕಳು, ಸಮೋಸಾ ಮಾರುವವನು, ಎಲ್ಲರೂ ಕಿಟಕಿಗೆ.

ನಾನು ನೀರು ನೋಡಲಿಲ್ಲ. ಮಾವನ ಮುಖ ನೋಡುತ್ತಿದ್ದೆ. ಅವರು ತಲೆಯನ್ನು ಮೆಲ್ಲಗೆ ಮೇಲೆ, ಕೆಳಗೆ, ಆಚೆ, ಈಚೆ ಹೊರಳಿಸುತ್ತಿದ್ದರು. ಆ ತೂತಿನಷ್ಟು ನೋಟದಲ್ಲಿ ಇಡೀ ಜಲಪಾತ ಹಿಡಿಸುವುದಿಲ್ಲವಲ್ಲ, ತುಣುಕು ತುಣುಕಾಗಿ ಕೂಡಿಸಿಕೊಳ್ಳುತ್ತಿದ್ದರು. ಸೇತುವೆ ದಾಟಿ ಗಾಡಿ ತಿರುಗಿದ ಮೇಲೆ ದೂರದಿಂದ ಮತ್ತೊಮ್ಮೆ ಕಂಡಿತು. ದೂರವಾದ್ದರಿಂದ ಈ ಸಲ ತೂತಿನಲ್ಲಿ ಪೂರ್ತಿ ಹಿಡಿಸಿತು. "ಈಗ ಫುಲ್ ಬಂತು" ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತಾಡಿದರು. "ಟೆಂಟಿನ್ಯಾಗ ರೀಲ್ ಕಡದರ ಪರದೆ ಒಮ್ಮೆಲೇ ಬೆಳ್ಳಗಾಗತಿತ್ತು. ಆವಾಗ ಜನ ಶಿಳ್ಳಿ ಹೊಡದು ನನ್ನ ಅಪ್ಪ-ಅವ್ವ ಎಲ್ಲಾರನೂ ಬೈಯಾವ್ರು. ಇಲ್ಲೂ ಹಂಗ ಬೆಳ್ಳಗಾತು, ಶಿಳ್ಳಿನೂ ಹೊಡದ್ರು. ಆದ್ರ ಬೈಲಿಲ್ಲ ನೋಡು!"

ಕಾಡಿನ ಮನೆಯಲ್ಲಿ ಅತಿಥಿ

ಈ ನೀರು ಬೀಳುವುದು ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಂ ರಾಷ್ಟ್ರೀಯ ಉದ್ಯಾನದಲ್ಲಿ. ಎರಡೂ ಸೇರಿ ಸುಮಾರು 240 ಚದರ ಕಿಲೋಮೀಟರು. ಅದರಲ್ಲಿ ನಡುವಿನ 107 ಚದರ ಕಿಲೋಮೀಟರ್ 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಟಿ, ಚಿರತೆ, ಕಾಳಿಂಗ ಸರ್ಪ ಇರುವ ಕಾಡು. ರೈಲಿನಿಂದ ನಮಗೆ ಕಂಡದ್ದು ಮಂಗಗಳು ಮಾತ್ರ, ಸುಳ್ಳು ಯಾಕೆ ಹೇಳಲಿ! ಪ್ರಾಣಿಯೇ ಕಾಣಬೇಕೆಂದರೆ ನಮ್ಮ ಬಂಕಾಪುರದ ಕೋಟೆಗೆ ಹೋದರೆ ನವಿಲು ಕಾಣುತ್ತವೆ, ರಾಣೆಬೆನ್ನೂರಿಗೆ ಹೋದರೆ ಕೃಷ್ಣಮೃಗ.

ಈ ಹಳಿಯ ಪಕ್ಕ ಇನ್ನೊಂದು ಜೋಡಿ ಹಳಿ ಹಾಸುವ ಯೋಜನೆ ಬಂದಾಗ 2020ರಲ್ಲಿ ಗೋವಾದ ಜನ ಬೀದಿಗೆ ಬಂದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ನನಗೆ ಅನ್ನಿಸುವುದಿಷ್ಟು: ಈ ಕಾಡಿನೊಳಗೆ ರೈಲು ಅತಿಥಿ. ಅದರಲ್ಲಿ ಕೂತ ನಾವೂ ಅತಿಥಿಗಳು. ಪ್ಲಾಸ್ಟಿಕ್ ಬಾಟಲಿ ಕಿಟಕಿಯಿಂದ ಎಸೆಯುವ ಅತಿಥಿಯನ್ನು ಯಾವ ಮನೆಯವರೂ ಎರಡನೇ ಸಲ ಕರೆಯುವುದಿಲ್ಲ.

ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಬೇಕೇ ಬೇಕೆ? 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಗಾಡಿಗೆ ಅದನ್ನು ಜೋಡಿಸಿದಾಗ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ನೋಡಲು ಜನ ಮುಗಿಬಿದ್ದರು. ದುಡ್ಡಿದ್ದವರು ಹೋಗಲಿ, ಸಂತೋಷ. ಆದರೆ ನಮ್ಮ ಮಾವ ನೋಡಿದ್ದು ಸಾದಾ ಸ್ಲೀಪರ್ ಬೋಗಿಯ ಸರಳಿನ ಕಿಟಕಿಯಿಂದ. ಗಾಜಿದ್ದರೆ ಮುಖಕ್ಕೆ ಹನಿ ಬೀಳುತ್ತಿತ್ತೇ?

ಹೋಗುವವರಿಗೆ ನಾಲ್ಕು ಮಾತು. ಹಗಲು ಗಾಡಿಯೇ ಆಗಬೇಕು, ಯಾವ ದಿನ ಎಂದು ವಿಚಾರಿಸಿಯೇ ಟಿಕೆಟ್ ತೆಗೆಯಿರಿ. ಜುಲೈಯಿಂದ ಸೆಪ್ಟೆಂಬರ್ ನೀರು ಜೋರು. ಆದರೆ ಗುಡ್ಡ ಕುಸಿದು ಗಾಡಿ ರದ್ದಾಗುವುದೂ ಆಗಲೇ. ಬುಡದವರೆಗೆ ಹೋಗಬೇಕೆಂದರೆ ಮಳೆಗಾಲ ಮುಗಿಯಲಿ, ಕುಳೆಂನಿಂದ ಪರವಾನಗಿ ಇರುವ ಜೀಪುಗಳು ಹೋಗುತ್ತವೆ. ಹಳಿಯ ಮೇಲೆ ಇಳಿಯಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ. ಇದು ರೈಲಿನ ಮಾತಲ್ಲ, ಆದರೂ ಹೇಳಿದೆ.

ಮಾವ ಈಗ ಹನಿ ತಪ್ಪಿಸುವುದಿಲ್ಲ. ಸಂಜೆ ಹಾನಗಲ್ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತಾರೆ. ಯಾರಾದರೂ ಗೋವಾಕ್ಕೆ ಹೊರಟೆವು ಅಂದರೆ ಅವರದು ಒಂದೇ ಪ್ರಶ್ನೆ:

"ಗಾಡಿ ಹಗಲಿಂದೋ, ರಾತ್ರಿದೋ?"