ಸರ್ ತಿರುಗಿದ್ದೇ ತಡ, ಡೈನೋಸಾರ್ ಓಡಿತು
ಎಮ್ಮಿಗನೂರಲ್ಲಿ ನಮ್ಮ ಕಂಪ್ಯೂಟರ್ ಲ್ಯಾಬ್. ಚಪ್ಪಲಿ ಹೊರಗೆ, ಒಂದು ಕುರ್ಚಿಗೆ ಇಬ್ಬರು. ಗೇಮ್ಸ್ ಎಲ್ಲಾ ಡಿಲೀಟ್, ಯೂಟ್ಯೂಬ್ ಬಂದ್. ಸರ್ ಆ ಕಡೆ ತಿರುಗಿದ್ದೇ ತಡ, ಹಿಂದಿನ ಸಾಲಿನವನ ಕೈ ನೆಟ್ ವೈರಿಗೆ. ಟಕ್ ಅಂತ ಕಿತ್ತ! ಕ್ರೋಮ್‌ನಲ್ಲಿ ನೆಟ್ ಇಲ್ಲ ಅಂತ ಬಂತು, ಜೊತೆಗೊಂದು ಪುಟ್ಟ ಡೈನೋಸಾರ್. ಸ್ಪೇಸ್ ಬಾರ್ ಒತ್ತಿದ್ರೆ ಓಟ, ಕಳ್ಳಿಗಿಡ ಬಂದ್ರೆ ಜಿಗಿತ.

ಗೂಗಲ್ ಇದನ್ನ ತಂದಿದ್ದು 2014ರಲ್ಲಿ. ನೆಟ್ ಇಲ್ಲದ ಬದುಕು ಅಂದ್ರೆ ಡೈನೋಸಾರ್ ಕಾಲ ಅನ್ನೋ ತಮಾಷೆ. ಆಟ ಬ್ರೌಸರ್ ಒಳಗೇ ಕೂತಿರುತ್ತೆ, ಹಾಗಾಗಿ ಸೈಟ್ ತಡೆಯೋ ಫಿಲ್ಟರ್ ಕೈಗೆ ಸಿಗಲ್ಲ. 2018ರಲ್ಲಿ ಗೂಗಲ್ಲೇ ಲೆಕ್ಕ ಕೊಡ್ತು: ತಿಂಗಳಿಗೆ 27 ಕೋಟಿ ಆಟ! ಅದರಲ್ಲಿ ನಮ್ಮೂರ ಪಾಲೂ ಒಂದಿಷ್ಟು ಇದ್ದೀತು ಬಿಡಿ.

ಶಾಲೆ ಮಕ್ಕಳೂ ದೊಡ್ಡವರೂ ಇದಕ್ಕೇ ಅಂಟಿಕೊಂಡಾಗ, ಆಟ ಬಂದ್ ಮಾಡೋ ಬೀಗವನ್ನೂ ಗೂಗಲ್ ಕೊಡಬೇಕಾಯ್ತು. ಬೀಗ ಬಿದ್ರೆ ಡೈನೋಸಾರ್ ಓಡಲ್ಲ. ಆಕಾಶದಿಂದ ಉಲ್ಕೆ ಬೀಳ್ತಿರುತ್ತೆ, ಇದು ಸುಮ್ನೆ ನಿಂತಿರುತ್ತೆ. ಪಾಪ!

ನಮ್ಮ ಲ್ಯಾಬಲ್ಲಿ ಆ ಬೀಗ ಯಾರಿಗೂ ಗೊತ್ತಿರಲಿಲ್ಲ. ಸರ್ ನೆಟ್ ವೈರಿಗೆ ನಾಲ್ಕು ಸುತ್ತು ಗಮ್ ಟೇಪ್ ಸುತ್ತಿದ್ರು.