ಹರಿಯಬ್ಬೆಯ ಕಂಪ್ಯೂಟರಿಗೆ ಗಂಟೆ ಹೇಳುವವರು ಯಾರು?

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಸೂರ್ಯ ನೆತ್ತಿಗೆ ಬರುವಾಗ, ವರ್ಷದ ಸರಾಸರಿ ಹಿಡಿದರೆ, ಗಡಿಯಾರದಲ್ಲಿ ಹನ್ನೆರಡು ದಾಟಿ ಸುಮಾರು 23 ನಿಮಿಷ ಆಗಿರುತ್ತದೆ. ನಾವು ಪಾಲಿಸುವ ಸಮಯ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ್ದು. 1906ರಲ್ಲಿ ಜಾರಿಗೆ ಬಂದ ಏರ್ಪಾಡು ಇದು. ಹೊಲಕ್ಕೆ ಹೋಗುವವರಿಗೆ ಇದರಿಂದ ಬಾಧಕವೇನಿಲ್ಲ. ಕಂಪ್ಯೂಟರುಗಳ ಪಾಡು ಹಾಗಲ್ಲ: ಎರಡು ಯಂತ್ರಗಳ ನಡುವೆ ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ, ಹಣ ಕಳಿಸುವ ಮೊದಲೇ ತಲುಪಿತೆಂದು ದಾಖಲೆ ಹೇಳೀತು.

ಕಂಪ್ಯೂಟರಿನೊಳಗಿನ ಕ್ವಾರ್ಟ್ಜ್ ಹರಳು ದಿನಕ್ಕೆ ಒಂದೆರಡು ಸೆಕೆಂಡು ತಪ್ಪುವುದು ಮಾಮೂಲು. ಬಿಸಿಲೇರಿದರೆ ಅದರ ನಡೆಯೂ ಬದಲಾಗುತ್ತದೆ. ಇದಕ್ಕೆ ಅಮೆರಿಕದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ಕಂಡುಕೊಂಡ ಉಪಾಯವೇ ಎನ್‌ಟಿಪಿ. ನಮ್ಮ ಯಂತ್ರ ದೂರದ ಸರ್ವರನ್ನು ಸಮಯ ಕೇಳುತ್ತದೆ. ಪ್ರಶ್ನೆ ಹೊರಟದ್ದು, ತಲುಪಿದ್ದು, ಉತ್ತರ ಹೊರಟದ್ದು, ಬಂದದ್ದು ಎಂಬ ನಾಲ್ಕು ಗಳಿಗೆಗಳನ್ನು ಗುರುತು ಹಾಕಿಕೊಂಡು, ದಾರಿಯಲ್ಲಿ ಕಳೆದ ಹೊತ್ತಿನ ಅರ್ಧವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ತೊಡಕಿರುವುದು ಆ ‘ಅರ್ಧ’ದಲ್ಲೇ. ಹೋಗಲು 20, ಬರಲು 80 ಮಿಲಿಸೆಕೆಂಡು ಹಿಡಿದರೆ ಲೆಕ್ಕ 30 ಮಿಲಿಸೆಕೆಂಡು ತಪ್ಪುತ್ತದೆ, ಯಂತ್ರಕ್ಕೆ ಅದು ಗೊತ್ತೂ ಆಗದು. ಸಿಗ್ನಲ್ ಬಂದುಹೋಗುವ ಹಳ್ಳಿಗಳಲ್ಲಿ ಇಂಥ ಏರುಪೇರು ಸಹಜ.

ಹೀಗೆ ಸಮಯ ಕೇಳುತ್ತ, ಹೇಳುತ್ತ ಸಾಗುವ ಸರಪಳಿಯ ತುದಿಯಲ್ಲಿ ಪರಮಾಣು ಗಡಿಯಾರಗಳಿವೆ. ದೇಶದ ಅಧಿಕೃತ ಸಮಯ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಆದರೆ ಕನ್ನಡನಾಡಿನಲ್ಲೂ ಇಂಥ ಗಡಿಯಾರಗಳುಂಟು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಇಸ್ರೊದ ನ್ಯಾವಿಗೇಷನ್ ಕೇಂದ್ರ 2013ರಿಂದ, ಸ್ಥಳ ಗುರುತಿಸಲು ನೆರವಾಗುವ ‘ನಾವಿಕ್’ ಉಪಗ್ರಹಗಳಿಗೆ ಸಮಯ ಕೊಡುತ್ತಿದೆ. ಅಲ್ಲಿ ಸೆಕೆಂಡಿನ ನೂರು ಕೋಟಿಯ ಒಂದು ಭಾಗ ತಪ್ಪಿದರೂ ದೂರದ ಅಳತೆಯಲ್ಲಿ 30 ಸೆಂಟಿಮೀಟರ್ ವ್ಯತ್ಯಾಸ ಬೀಳುತ್ತದೆ. ಮೊದಲ ಉಪಗ್ರಹದಲ್ಲಿದ್ದ ಮೂರೂ ಆಮದು ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. ಸ್ವದೇಶಿ ಗಡಿಯಾರ ಬಾಹ್ಯಾಕಾಶ ಸೇರಿದ್ದು 2023ರ ಮೇ 29ರಂದು, ಎನ್‌ವಿಎಸ್-01 ಉಪಗ್ರಹದ ಜೊತೆಗೆ. ತಡವಾಯಿತು, ಆದರೂ ಸರಿಯಾದ ಕೆಲಸ. ಪರರ ಗಡಿಯಾರ ನಂಬಿ ಬ್ಯಾಂಕು, ವಿದ್ಯುತ್ ಜಾಲ ನಡೆಸುವುದು ಜಾಣತನವಲ್ಲ.

ಸರ್ಕಾರಿ ಕಚೇರಿ, ಕಂಪನಿಗಳ ಯಂತ್ರಗಳು ದೇಶದ ಅಧಿಕೃತ ಎನ್‌ಟಿಪಿ ಸರ್ವರುಗಳಿಗೆ ಹೊಂದಿಕೊಂಡಿರಬೇಕೆಂದು ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಅಂಗಡಿಯ ಸಿಸಿಟಿವಿ ಪೆಟ್ಟಿಗೆಯ ಸಮಯವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಳವಾದ ಮೇಲೆ ದೃಶ್ಯದ ಗಂಟೆ ಫೋನ್ ದಾಖಲೆಗೆ ತಾಳೆಯಾಗದಿದ್ದರೆ ಸಾಕ್ಷ್ಯವೇ ಸಡಿಲ. ಸೆಟ್ಟಿಂಗ್ಸ್‌ನಲ್ಲಿ ಎನ್‌ಟಿಪಿ ಚಾಲೂ ಇದೆಯೇ, ಇವತ್ತೇ ನೋಡಿಕೊಳ್ಳಿ.